ಅಪ್‌ಡೇಟ್: ಆಕ್ಸ್‌ನಲ್ಲಿ ಬರುತ್ತಿದ್ದ ಕುಂಯ್ ಸದ್ದು ನಿಂತಿತು
ಫೋನನ್ನು ಆಕ್ಸ್ ಕೇಬಲ್‌ನಲ್ಲಿ (ಹಾಡು ಸಾಗಿಸುವ ವೈರ್) ಕಾರಿನ ಸ್ಟೀರಿಯೋಗೆ ಹಾಕಿ, ಜೊತೆಗೆ ಕಾರ್ ಚಾರ್ಜರ್‌ಗೂ ಸಿಕ್ಕಿಸಿದರೆ ಹಾಡಿನ ಹಿಂದೆ ಕುಂಯ್ ಅನ್ನುತ್ತೆ, ಆಕ್ಸಿಲರೇಟರ್ ಒತ್ತಿದಷ್ಟೂ ಜೋರಾಗುತ್ತೆ ಅಂತ ಕೇಳಿದ್ದೆನಲ್ಲ, ಸರಿಹೋಯ್ತು. ಗ್ರೌಂಡ್ ಲೂಪ್ ಐಸೊಲೇಟರ್ (ಹಾಡಿನ ವೈರಿನ ನೆಗೆಟಿವ್ ನೇರ ಕೂಡದಂತೆ ತಡೆಯುವ ಪುಟ್ಟ ಸಾಧನ) ಹಾಕಿ ಅಂದವರಿಗೆ ಥ್ಯಾಂಕ್ಸ್. 3.5 ಎಂಎಂ ಜ್ಯಾಕಿನದು, ಕೇಬಲ್ ಮತ್ತು ಸ್ಟೀರಿಯೋ ಮಧ್ಯೆ ಸಿಕ್ಕಿಸಿದರೆ ಆಯ್ತು. ಫೆರೈಟ್ ಕ್ಲಿಪ್ (ಗದ್ದಲ ತಡೆಯಲು ಕೇಬಲ್ ಮೇಲೆ ಹಾಕುವ ಕ್ಲಿಪ್), ದಪ್ಪ ಕೇಬಲ್ ಎರಡೂ ದಂಡ.

ದುಡ್ಡು ಹಾಕುವ ಮುಂಚೆ ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡಿ ನೋಡಿ. ಸದ್ದು ನಿಂತರೆ ಗ್ರೌಂಡ್ ಲೂಪೇ: ಚಾರ್ಜರ್, ಆಕ್ಸ್ ಎರಡರ ನೆಗೆಟಿವ್ ಫೋನಿನಲ್ಲಿ ಕೂಡಿ, ಆಲ್ಟರ್ನೇಟರ್ (ಎಂಜಿನ್ ಜೊತೆ ತಿರುಗಿ ಕಾರಿಗೆ ಕರೆಂಟ್ ಕೊಡುವ ಜನರೇಟರ್) ಗದ್ದಲ ಹಾಡಿನ ದಾರಿಗೆ ನುಗ್ಗುತ್ತದೆ.

ನಿರೀಕ್ಷಿಸದೇ ಇದ್ದದ್ದು ಒಂದು: ಅಗ್ಗದ ಐಸೊಲೇಟರ್ ಒಳಗಿನ ಟ್ರಾನ್ಸ್‌ಫಾರ್ಮರ್ ತೀರಾ ಚಿಕ್ಕದು, ಫೋನ್ ವಾಲ್ಯೂಮ್ ಪೂರ್ತಿ ಇಟ್ಟರೆ ಬಾಸ್ ಒಡೆಯುತ್ತದೆ. ಮುಕ್ಕಾಲಿಗೆ ಇಳಿಸಿ, ಉಳಿದದ್ದನ್ನು ಸ್ಟೀರಿಯೋದಲ್ಲೇ ಏರಿಸಿಕೊಳ್ಳಿ.