ಮನೆಯಲ್ಲಿ ಮಾಡಿದ ಬೇಸ್ ಕ್ಯಾಬಿನೆಟ್: ದಪ್ಪ ತಂತಿ ಮೀಟಿದರೆ ಸ್ಪೀಕರ್ ಪಟಪಟ ಅನ್ನುತ್ತಿದೆ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆ ರಸಮಂಜರಿ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಸ್ಟೇಜ್ ಮೇಲೆ ನನ್ನ ಸದ್ದು ನನಗೆ ಕೇಳಲಿ ಅಂತ ಒಂದು ಕ್ಯಾಬಿನೆಟ್ (ಸ್ಪೀಕರ್ ಡಬ್ಬಿ) ಮಾಡಿದ್ದೇನೆ. 12 ಇಂಚಿನ ಒಂದೇ ಸ್ಪೀಕರ್, 8 ಓಮ್, 300 ವಾಟ್. 18 ಎಂಎಂ ಪ್ಲೈವುಡ್, ಒಳ ಅಳತೆ 46 × 46 × 36 ಸೆಂ.ಮೀ. ಮುಂದೆ ಎರಡು ಪಿವಿಸಿ ಪೈಪ್, ಒಂದೊಂದೂ 5 ಸೆಂ.ಮೀ ಉದ್ದ. ನಕ್ಷೆಯಲ್ಲಿ ಇದ್ದದ್ದು ಒಂದೇ ಪೈಪ್. ಎರಡು ಹಾಕಿದರೆ ಗಾಳಿ ನುಗ್ಗುವ ಸದ್ದು ಕಡಿಮೆ ಆಗುತ್ತೆ ಅಂತ ಓದಿ ಇನ್ನೊಂದು ಸೇರಿಸಿದೆ.

ತೊಂದರೆ ಏನಂದ್ರೆ, ಎಲ್ಲಕ್ಕಿಂತ ದಪ್ಪಗಿರುವ ಇ ತಂತಿಯನ್ನು ಖಾಲಿ (ಬೆರಳು ಒತ್ತದೆ) ಮೀಟಿದರೆ ಸ್ಪೀಕರ್‌ನ ಕೋನ್ (ಮುಂದೆ ಅಲ್ಲಾಡುವ ಭಾಗ) ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ಹೊಡೆದುಕೊಳ್ಳುತ್ತೆ, ಪಟಪಟ ಸದ್ದು ಬರುತ್ತೆ. ಸ್ವರ ಮಾತ್ರ ಬರಲ್ಲ. ಖಾಲಿ ಎ ತಂತಿ ಮೀಟಿದರೆ ಇಡೀ ಕೋಣೆ ಗುಂಯ್ ಅನ್ನುತ್ತೆ. ಇದರ ಜೊತೆಗೆ ಕೆಲವು ಸ್ವರಗಳಿಗೆ ಎಲ್ಲೋ ಜಿರ್ ಅನ್ನುವ ಸದ್ದು. ಸ್ಪೀಕರ್ ಹೋಯ್ತಾ? ಗಣಪತಿ ಹಬ್ಬದ ಕಾರ್ಯಕ್ರಮಗಳು ಶುರುವಾಗುವ ಮೊದಲು ಸರಿಯಾಗಬೇಕು.

ಸೌಂಡ್‌ಸೆಟ್:

ಮೊದಲು ಸ್ಪೀಕರ್ ಚೆನ್ನಾಗಿದೆಯಾ ನೋಡಿ. ಆಂಪ್ (ಆಂಪ್ಲಿಫೈಯರ್) ಆಫ್ ಮಾಡಿ, ವೈರ್ ಬಿಚ್ಚಿ. ಎರಡೂ ಕೈಯ ಬೆರಳುಗಳನ್ನು ಕೋನ್ ಸುತ್ತ ಸಮವಾಗಿಟ್ಟು ಮೆಲ್ಲಗೆ ಒತ್ತಿ ಬಿಡಿ. ಒಳಗೆ ಕರಕರ ಅಂತ ತಾಗಿದರೆ ಕೋನ್ ಹಿಂದಿನ ಕಾಯಿಲ್ (ತಂತಿ ಸುರುಳಿ) ಉಜ್ಜುತ್ತಿದೆ ಅಂತ ಅರ್ಥ. ಆಮೇಲೆ ಮಲ್ಟಿಮೀಟರ್ ಹಿಡಿಯಿರಿ. 8 ಓಮ್ ಸ್ಪೀಕರ್ ಸಾಮಾನ್ಯವಾಗಿ ಮೀಟರ್‌ನಲ್ಲಿ 6ರ ಆಸುಪಾಸು ತೋರಿಸುತ್ತೆ. 8 ಬರಲಿಲ್ಲ ಅಂತ ಗಾಬರಿಯಾಗಬೇಡಿ.

ತುಂಗಾತೀರ:

ನೋಡಿದೆ ಸರ್. ಎಲ್ಲೂ ತಾಗ್ತಾ ಇಲ್ಲ. ಮೀಟರ್ 5.9 ತೋರಿಸುತ್ತೆ.

ಪ್ಲೈವುಡ್‌ಪ್ರಿಯ:

ಹಾಗಾದರೆ ಸ್ಪೀಕರ್ ಬಿಚ್ಚಲು ಹೋಗಬೇಡಿ. ಒಂದು ಟವೆಲ್ ತಗೊಂಡು ಎರಡರಲ್ಲಿ ಒಂದು ಪೈಪಿಗೆ ಬಿಗಿಯಾಗಿ ತುರುಕಿ, ಅದೇ ವಾಲ್ಯೂಮ್‌ನಲ್ಲಿ ಖಾಲಿ ಇ ಮೀಟಿ. ಕೋನ್ ಹೊಡೆದಾಟ ಕಡಿಮೆಯಾದರೆ ತೊಂದರೆ ಪೈಪಿನ ಉದ್ದದಲ್ಲಿದೆ. ಇನ್ನೊಂದು ವಿಷಯ, ಪೈಪಿನ ಒಳ ಅಳತೆ ಎಷ್ಟು? ಅಂಗಡಿಯವರು 75 ಎಂಎಂ ಅನ್ನೋದು ಹೊರಗಿನ ಅಳತೆ.

ತುಂಗಾತೀರ:

ಒಳಗೆ ಸರಿಯಾಗಿ 7 ಸೆಂ.ಮೀ ಇದೆ. ಟವೆಲ್ ತುರುಕಿದೆ. ಇ ಈಗ ಸ್ವರವಾಗಿ ಕೇಳುತ್ತೆ, ಪಟಪಟ ಹೆಚ್ಚುಕಡಿಮೆ ನಿಂತಿದೆ! ಆದರೆ ಜೋರಾಗಿ ಬಾರಿಸಿದರೆ ತೆರೆದಿರುವ ಪೈಪಿನಿಂದ ಉಫ್ ಉಫ್ ಅಂತ ಗಾಳಿ ಸದ್ದು.

ಪ್ಲೈವುಡ್‌ಪ್ರಿಯ:

ಅಲ್ಲಿಗೆ ವಿಷಯ ಸ್ಪಷ್ಟ ಆಯ್ತು. ಸ್ವಲ್ಪ ವಿವರವಾಗಿ ಹೇಳ್ತೇನೆ, ಇದು ತಿಳಿದರೆ ಮುಂದಿನ ಡಬ್ಬಿಗೂ ಉಪಯೋಗ.

ಬಾಟಲಿ ಬಾಯಿಗೆ ಊದಿದರೆ ಒಂದು ಸ್ವರ ಬರುತ್ತಲ್ವಾ, ಪೈಪ್ ಇರುವ ಡಬ್ಬಿಯೂ ಹಾಗೇ. ಅದಕ್ಕೂ ತನ್ನದೇ ಒಂದು ಸ್ವರ ಇದೆ. ಆ ಸ್ವರದಲ್ಲಿ ಸದ್ದಿನ ಕೆಲಸವನ್ನೆಲ್ಲ ಪೈಪಿನ ಗಾಳಿ ಮಾಡುತ್ತೆ, ಕೋನ್ ತೀರಾ ಕಡಿಮೆ ಅಲ್ಲಾಡುತ್ತೆ. ಅದಕ್ಕಿಂತ ಕೆಳಗೆ ಹೋದಿರೋ, ಕೋನ್‌ಗೆ ಹಿಂದಿನಿಂದ ಗಾಳಿಯ ತಡೆಯೇ ಇರಲ್ಲ. ಸ್ಪೀಕರನ್ನು ಡಬ್ಬಿ ಇಲ್ಲದೆ ಬರಿದೇ ನುಡಿಸಿದ ಹಾಗೆ ಆಗುತ್ತೆ. ಕೋನ್ ಹೊಡೆದಾಡುತ್ತೆ, ಸದ್ದು ಹೊರಗೆ ಬರಲ್ಲ.

ಈಗ ನಿಮ್ಮ ಲೆಕ್ಕ. ಡಬ್ಬಿ ಒಳಗೆ 76 ಲೀಟರ್. ಸ್ಪೀಕರ್, ಪೈಪ್, ಒಳಗಿನ ಪಟ್ಟಿ ಕಳೆದು 70 ಅಂತ ಇಟ್ಟುಕೊಳ್ಳಿ. 7 ಸೆಂ.ಮೀ ಅಗಲ, 5 ಸೆಂ.ಮೀ ಉದ್ದದ ಒಂದೇ ಪೈಪ್ ಇದ್ದರೆ ಡಬ್ಬಿಯ ಸ್ವರ ಸುಮಾರು 40 ಹರ್ಟ್ಜ್ (ಸೆಕೆಂಡಿಗೆ 40 ಕಂಪನ). ಬೇಸ್‌ನ ಖಾಲಿ ಇ 41 ಹರ್ಟ್ಜ್. ನಕ್ಷೆ ಮಾಡಿದವರ ಲೆಕ್ಕ ಸರಿಯಾಗಿಯೇ ಇದೆ. ಅದೇ ಉದ್ದದ ಇನ್ನೊಂದು ಪೈಪ್ ಸೇರಿದಾಗ ಡಬ್ಬಿಯ ಸ್ವರ 1.41 ಪಟ್ಟು ಮೇಲೇರಿ 57ಕ್ಕೆ ಹೋಯ್ತು. ಖಾಲಿ ಎ 55 ಹರ್ಟ್ಜ್. ಎ ಯಾಕೆ ಗುಂಯ್ ಅನ್ನುತ್ತೆ, ಇ ಯಾಕೆ ಪಟಪಟ ಅನ್ನುತ್ತೆ, ಎರಡಕ್ಕೂ ಇದೇ ಕಾರಣ.

ಎರಡು ಪೈಪ್ ಹಾಕಿದರೆ ಗಾಳಿ ಸದ್ದು ಕಡಿಮೆ ಅಂತ ನೀವು ಓದಿದ್ದು ನಿಜ. ಆದರೆ ಆಗ ಉದ್ದ ಹೆಚ್ಚಿಸಬೇಕು. ಲೆಕ್ಕ ಹೀಗೆ: 23,562 ಅನ್ನು ಪೈಪಿನ ಒಳ ಅಗಲದ ವರ್ಗದಿಂದ ಗುಣಿಸಿ, ಪೈಪಿನ ಸಂಖ್ಯೆಯಿಂದ ಗುಣಿಸಿ. ಅದನ್ನು ಬೇಕಾದ ಹರ್ಟ್ಜ್‌ನ ವರ್ಗದಿಂದಲೂ ಲೀಟರ್‌ನಿಂದಲೂ ಭಾಗಿಸಿ. ಬಂದದ್ದರಲ್ಲಿ ಅಗಲದ 0.73 ಪಟ್ಟು ಕಳೆಯಿರಿ. ಉದ್ದ ಸೆಂ.ಮೀ.ನಲ್ಲಿ ಸಿಗುತ್ತೆ. 40 ಹರ್ಟ್ಜ್‌ಗೆ ನಿಮಗೆ ಬೇಕಾದದ್ದು 15.5 ಸೆಂ.ಮೀ. ಡಬ್ಬಿಯ ಆಳ 36 ಇರುವುದರಿಂದ ಪೈಪಿನ ಹಿಂದೆ ಬೇಕಾದಷ್ಟು ಜಾಗ ಉಳಿಯುತ್ತೆ.

ಸೌಂಡ್‌ಸೆಟ್:

ಒಂದು ಪ್ರಶ್ನೆ. ಆಂಪೆಗ್ ಕಂಪನಿಯ, 10 ಇಂಚಿನ ಎಂಟು ಸ್ಪೀಕರ್ ಇರುವ ಬೇಸ್ ಡಬ್ಬಿ 1969ರಿಂದ ಇದೆ. ಅದು 58 ಹರ್ಟ್ಜ್‌ವರೆಗೆ ಮಾತ್ರ ಚೆನ್ನಾಗಿ ಕೊಡುತ್ತೆ ಅಂತ ಕಂಪನಿಯೇ ಬರೆದುಕೊಂಡಿದೆ. ಅದರಲ್ಲಿ ಇ ಅಷ್ಟು ಗಟ್ಟಿಯಾಗಿ ಕೇಳುತ್ತಲ್ಲ?

ಪ್ಲೈವುಡ್‌ಪ್ರಿಯ:

ಒಳ್ಳೆ ಪ್ರಶ್ನೆ. ನಾವು ಇ ಅಂತ ಕೇಳುವುದರಲ್ಲಿ 41ಕ್ಕಿಂತ ಅದರ ದುಪ್ಪಟ್ಟು 82 ಹರ್ಟ್ಜ್‌ನ ಪಾಲೇ ಜಾಸ್ತಿ. ಆ ಡಬ್ಬಿಗೆ ಪೈಪೇ ಇಲ್ಲ, ಪೂರ್ತಿ ಮುಚ್ಚಿದ್ದು. ಒಳಗಿನ ಗಾಳಿ ಸ್ಪ್ರಿಂಗ್‌ನ ಹಾಗೆ ಎಷ್ಟು ಕೆಳಗಿನ ಸ್ವರದಲ್ಲೂ ಕೋನನ್ನು ಹಿಡಿದಿಡುತ್ತೆ. ಪೈಪ್ ಇಟ್ಟ ಡಬ್ಬಿಯಲ್ಲಿ ಆ ಹಿಡಿತ ಇರಲ್ಲ. ಅದಕ್ಕೇ ಉದ್ದದ ಲೆಕ್ಕ ತಪ್ಪಬಾರದು. ಆಂಪ್‌ನಲ್ಲಿ ಹೈಪಾಸ್ (ತೀರಾ ಕೆಳಗಿನ ಸ್ವರ ತಡೆಯುವ ಫಿಲ್ಟರ್) ಇದ್ದರೆ 35 ಹರ್ಟ್ಜ್ ಹತ್ತಿರ ಇಡಿ, ಸ್ಪೀಕರ್‌ಗೆ ಒಳ್ಳೆಯದು.

ಇನ್ನು ಆ ಜಿರ್ ಸದ್ದು. ಅದು ಗಾಳಿ ಸೋರಿಕೆ ಇರಬೇಕು. ಫೋನಿನಲ್ಲಿ ಟೋನ್ ಆ್ಯಪ್ ಹಾಕಿಕೊಂಡು 50 ಹರ್ಟ್ಜ್ ನುಡಿಸಿ, ವಾಲ್ಯೂಮ್ ಸಣ್ಣಗಿರಲಿ. ಊದುಬತ್ತಿ ಹಚ್ಚಿ, ಹೊಗೆಯನ್ನು ಎಲ್ಲ ಜೋಡಣೆಗಳ ಮೇಲೂ ನಿಧಾನವಾಗಿ ಹಾಯಿಸಿ. ಹೊಗೆ ನೆಟ್ಟಗೆ ಏಳುತ್ತಿದ್ದರೆ ಸರಿ. ಎಲ್ಲಾದರೂ ನಡುಗಿದರೆ ಅಲ್ಲಿ ಸೋರುತ್ತಿದೆ. ಮೊದಲು ಹಿಂದಿನ ಜ್ಯಾಕ್ ಪ್ಲೇಟ್ (ವೈರ್ ಸಿಕ್ಕಿಸುವ ತಟ್ಟೆ) ನೋಡಿ, ಆಮೇಲೆ ಸ್ಪೀಕರ್ ಅಂಚು. ಫ್ಯಾನ್ ಆಫ್ ಮಾಡೋದು ಮರೀಬೇಡಿ.

ತುಂಗಾತೀರ:

ನೀವು ಹೇಳಿದ ಹಾಗೇ ಜ್ಯಾಕ್ ಪ್ಲೇಟ್! ಸ್ಕ್ರೂ ಬಿಗಿಯಾಗಿದ್ದರೂ ಒಂದು ಮೂಲೆಯಲ್ಲಿ ಹೊಗೆ ಪಕ್ಕಕ್ಕೆ ಒದ್ದುಕೊಂಡು ಹೋಗ್ತಾ ಇತ್ತು. ಬಾಗಿಲಿಗೆ ಅಂಟಿಸುವ ಫೋಮ್ ಟೇಪ್ ಹಾಕಿ ಕೂರಿಸಿದೆ, ಜಿರ್ ಪೂರ್ತಿ ನಿಂತಿತು. ಪೈಪ್ 15.5ಕ್ಕೆ ಕೊಯ್ದು ಹಾಕಿದೆ. ಟೋನ್ ಆ್ಯಪ್‌ನಲ್ಲಿ 60ರಿಂದ ಕೆಳಗೆ ಇಳಿಸುತ್ತಾ ಕೋನ್ ಮೇಲೆ ಬೆರಳಿಟ್ಟು ನೋಡಿದೆ. 40ರ ಹತ್ತಿರ ಕೋನ್ ನಿಂತೇ ಹೋದ ಹಾಗಿದೆ, ಪೈಪಿನ ಬಾಯಲ್ಲಿ ಮಾತ್ರ ಜೋರು ಗಾಳಿ. ಇ ಈಗ ಎದೆಗೆ ತಟ್ಟುತ್ತೆ. ತುಂಬಾ ಧನ್ಯವಾದ ಸರ್, ನಿಜವಾಗಲೂ ಖುಷಿಯಾಯ್ತು.

ಇಂಥದ್ದೇ ಇನ್ನೊಂದು ಡಬ್ಬಿ ಮಾಡಿ ಜೊತೆಗೆ ಹಾಕಬಹುದಾ?

ಸೌಂಡ್‌ಸೆಟ್:

ಹಾಕಬಹುದು. ಎರಡು 8 ಓಮ್ ಪ್ಯಾರಲಲ್ ಆದರೆ 4 ಓಮ್. ಆಂಪ್ ಹಿಂದೆ ಕನಿಷ್ಠ 4 ಓಮ್ ಅಂತ ಬರೆದಿದೆಯಾ ನೋಡಿಕೊಳ್ಳಿ. ಕನಿಷ್ಠ 8 ಅಂತ ಇದ್ದರೆ ಎರಡನೆಯದನ್ನು ಸಿಕ್ಕಿಸಲೇಬೇಡಿ. ಎರಡರಲ್ಲೂ ಪ್ಲಸ್ ಪ್ಲಸ್‌ಗೇ ಹೋಗಿರಲಿ. ಒಂದು ಉಲ್ಟಾ ಆದರೆ ಒಂದು ಕೋನ್ ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗುತ್ತೆ, ಬೇಸ್ ಸೊರಗಿಬಿಡುತ್ತೆ.

ಪ್ಲೈವುಡ್‌ಪ್ರಿಯ:

ಹೊಸದಕ್ಕೆ ರೆಕ್ಸಿನ್ ಅಂಟಿಸುವ ಮೊದಲೇ ಊದುಬತ್ತಿ ಪರೀಕ್ಷೆ ಮಾಡಿಬಿಡಿ.