ಲೆಗೋದಲ್ಲಿ ನಡೆಯುವ ಕೋಟೆ: ಕಾಲು ನಿಲ್ಲುತ್ತಿಲ್ಲ, ಕಟ್ಟಿದವರು ಹೇಳಿ

ಕೇಳಿದ್ದು, ಉಡುಪಿ ಕುಂಜಿಬೆಟ್ಟಿನಿಂದ

ಜಪಾನಿನ ಮಿಯಾಝಾಕಿಯವರ 2004ರ ಅನಿಮೇಶನ್ ಸಿನಿಮಾ ‘ಹೌಲ್ಸ್ ಮೂವಿಂಗ್ ಕ್ಯಾಸಲ್’ ನೋಡಿದವರಿಗೆ ಆ ಕೋಟೆ ಗೊತ್ತಿರ್ತದೆ. ತಗಡು, ಹೊಗೆಕೊಳವೆ, ಸಣ್ಣ ಸಣ್ಣ ಮನೆ ಎಲ್ಲ ಒಂದೇ ರಾಶಿಯಾಗಿ ಕೋಳಿಕಾಲಿನಂಥ ನಾಲ್ಕು ಕಾಲಿನ ಮೇಲೆ ನಡೆಯುವುದು. ಅದನ್ನು ಲೆಗೋದಲ್ಲಿ, ಅಂದರೆ ಒಂದಕ್ಕೊಂದು ಕೂರಿಸುವ ಆ ಪ್ಲಾಸ್ಟಿಕ್ ಬ್ರಿಕ್ಕಿನಲ್ಲಿ, ನನ್ನದೇ ವಿನ್ಯಾಸದಲ್ಲಿ ಕಟ್ಟಬೇಕೆಂದು ಆಸೆ. ಕಂಪ್ಯೂಟರಿನಲ್ಲಿ ಮುಖ, ಬಾಯಿ ಚೆನ್ನಾಗಿ ಬಂದಿದೆ. ಕೈಯಲ್ಲಿದ್ದ ಬ್ರಿಕ್‌ನಲ್ಲಿ ಕಾಲು ಕಟ್ಟಿ ನೋಡಿದರೆ ಎಂತ ಮಾಡಿದರೂ ಮಡಚಿಕೊಳ್ತದೆ. ಉಳಿದ ಬಿಡಿಭಾಗ ತರಿಸುವ ಮೊದಲು ಯಾರಾದರೂ ಹೇಳಿದರೆ ಉಪಕಾರ.

ಮಂಗಳೂರು ಕದ್ರಿಯಿಂದ

ಮೊದಲು ಕಾಲು, ಆಮೇಲೆ ಮುಖ ಮಾರಾಯ್ರೆ. ನಿಮ್ಮದು ತಿರುಗಾಮುರುಗಾ ಆಗಿದೆ. ನಿಮ್ಮೂರಿನ ರಥಬೀದಿಯ ಬ್ರಹ್ಮರಥ ನೋಡಿ. ದೂರಕ್ಕೆ ಅಷ್ಟು ದೊಡ್ಡದಾಗಿ ಕಾಣುವ ಉರುಟು ಗೋಳ ಬರೀ ಬಿದಿರು, ಪತಾಕೆ. ಭಾರ ಇರುವುದು ಕೆಳಗೆ, ಮರದಲ್ಲಿ, ಚಕ್ರದಲ್ಲಿ. ಕೋಟೆಗೂ ಅದೇ ಉಪಾಯ: ಒಳಗೆ ಟೆಕ್ನಿಕ್ ಬೀಮಿನ (ಸಾಲಾಗಿ ತೂತಿರುವ ಲೆಗೋ ಪಟ್ಟಿ) ಚೌಕಟ್ಟು, ಹೊರಗೆ ಪ್ಲೇಟಿನ (ಚಪ್ಪಟೆ ಬ್ರಿಕ್) ತೆಳು ಸಿಪ್ಪೆ, ನಡುವೆ ಖಾಲಿ. ಬ್ರಿಕ್ ತುಂಬಿಸುವ ಆಸೆ ಬಿಟ್ಟುಬಿಡಿ.

ಮೊಣಕಾಲಿಗೆ ಹಿಂಜ್ (ಮಡಚುವ ಕೀಲು) ಹಾಕಿದ್ದೀರಿ ಅಂತ ಕಾಣ್ತದೆ. ಅದು ಇವತ್ತು ನಿಂತರೂ ನಾಳೆ ಬಾಗ್ತದೆ. ಬೀಮಿನಲ್ಲಿ ತ್ರಿಕೋನ ಕಟ್ಟಿ ಬಿಗಿಯಿರಿ, ಶಾಲೆಯಲ್ಲಿ ಕಲಿತ 3-4-5 ಬದಿಯದ್ದು. ಎಣಿಸುವುದು ತೂತನ್ನಲ್ಲ, ತೂತಿನ ನಡುವಿನ ಅಂತರವನ್ನು. ಮೂಲೆಯ ತೂತನ್ನು ಒಂದು ಅಂತ ಹಿಡಿದರೆ ಮೂರು ಬದಿಗೆ 4, 5, 6ನೇ ತೂತಿಗೆ ಪಿನ್ ಬೀಳಬೇಕು. ಇಷ್ಟರ ಮೇಲೂ ಧೈರ್ಯ ಸಾಲದಿದ್ದರೆ ಹೊಟ್ಟೆಯ ಅಡಿಗೆ ಒಂದು ಬಂಡೆ ಕಟ್ಟಿ ಭಾರ ಅದರ ಮೇಲೆ ಕೂರಿಸಿ. ಸಿನಿಮಾದಲ್ಲಿ ಅದು ನಡೆಯುವುದೂ ಗುಡ್ಡದ ಮೇಲೆಯೇ ಅಲ್ವಾ. ಮೂಗು ಮುರಿಯುವವರು ಮುರಿಯಲಿ.

ಸುರತ್ಕಲ್‌ನಿಂದ

ಕದ್ರಿಯವರ ಮಾತು ಸರಿ, ಆದರೆ ಕಾಲಿಗಿಂತಲೂ ಮೊದಲು ಅಳತೆ. ಮಿನಿಫಿಗರ್, ಅಂದರೆ ಲೆಗೋದ ಪುಟ್ಟ ಮನುಷ್ಯ, ಸುಮಾರು 4 ಸೆಂ.ಮೀ. ಎತ್ತರ. ಅದು ಒಳಗೆ ಹೋಗುವಂಥ ಬಾಗಿಲು ಇಟ್ಟರೆ ನಿಮ್ಮ ಕೋಟೆ ಕಪಾಟಿನಲ್ಲಿ ಕೂರಲಿಕ್ಕಿಲ್ಲ. ನಾನಾದರೆ ಕಿಟಕಿಯಿಂದ ಅಳತೆ ಹಿಡಿಯುತ್ತೇನೆ: 1×2 ಗ್ರಿಲ್ ಟೈಲ್ (ಮೇಲೆ ಸರಳಿನಂಥ ಗೆರೆ ಇರುವ ಸಣ್ಣ ತುಂಡು) ಒಂದು ಕಿಟಕಿ, ಉಳಿದದ್ದೆಲ್ಲ ಅದಕ್ಕೆ ತಕ್ಕ ಹಾಗೆ.

ತಗಡು ತಗಡಾಗಿ ಕಾಣಬೇಕಾದರೆ ಪ್ಲೇಟನ್ನು ಅಡ್ಡ ತಿರುಗಿಸಿ ಕಟ್ಟಲೇಬೇಕು. ಬ್ರಿಕ್ಕಿನ ಮೇಲಿನ ಉರುಟು ಗುಬುಟೇ ಸ್ಟಡ್. ಸ್ಟಡ್‌ನಿಂದ ಸ್ಟಡ್‌ಗೆ 8 ಮಿ.ಮೀ., ಪ್ಲೇಟಿನ ದಪ್ಪ 3.2. ಐದು ಪ್ಲೇಟ್ ಒಟ್ಟಿದರೆ 16, ಅಂದರೆ ಸರಿಯಾಗಿ ಎರಡು ಸ್ಟಡ್. ಈ ಲೆಕ್ಕ ಕೈಗೆ ಹತ್ತಿದರೆ ಗೋಡೆಯನ್ನು ಯಾವ ಬದಿಗೂ ತಿರುಗಿಸಬಹುದು.

ಬ್ರಿಕ್‌ಲಿಂಕ್‌ನವರ ಸ್ಟುಡಿಯೋ ಅಂತ ಕಂಪ್ಯೂಟರಿನಲ್ಲಿ ಲೆಗೋ ವಿನ್ಯಾಸ ಮಾಡುವ ತಂತ್ರಾಂಶದಲ್ಲಿ ಸ್ಟೆಬಿಲಿಟಿ ಪರೀಕ್ಷೆ (ಕಟ್ಟಿದ್ದು ನಿಲ್ತದಾ ಅಂತ ನೋಡುವುದು) ಉಂಟು, ನಾನು ಅದನ್ನು ಅರ್ಧ ಮಾತ್ರ ನಂಬುವುದು. ನಾಲ್ಕು ಕಾಲು, ಮೇಲೊಂದು ಖಾಲಿ ಚೌಕಟ್ಟು ಕಟ್ಟಿ, ಕೋಟೆಯ ತೂಕದಷ್ಟು ಕುಚ್ಚಲಕ್ಕಿಯ ಚೀಲ ಇಟ್ಟು ಒಂದು ವಾರ ಬಿಡಿ. ಕಾಲು ಬಾಗುವುದಾದರೆ ಆಗಲೇ ಬಾಗಲಿ.

ಮಲ್ಪೆಯಿಂದ

ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ. 2004ರ ಆಸುಪಾಸಿನಲ್ಲಿ ಲೆಗೋದವರು ಬೂದು, ಕಂದು ಎರಡನ್ನೂ ಬದಲಿಸಿದರು. ಹಳೆಯ ಬೂದು ಹಳದಿಗೆ ವಾಲ್ತದೆ, ಹೊಸದು ನೀಲಿಗೆ. ಬೇರೆ ಮಾದರಿಯಲ್ಲಿ ಎರಡೂ ಬೆರೆತರೆ ತೇಪೆ ಹಾಕಿದ ಹಾಗೆ ಕಾಣ್ತದೆ, ಈ ಕೋಟೆಗೆ ತೇಪೆಯೇ ಚಂದ. ಹಾಗಾಗಿ ಯಾರದ್ದಾದರೂ ಮನೆಯ ಅಟ್ಟದಲ್ಲಿರುವ ಹಳೇ ಡಬ್ಬ ಕೇಳಿ ತನ್ನಿ. ಹೊರದೇಶದಿಂದ ತರಿಸುವುದು ದುಬಾರಿ: ಆಟಿಕೆಯ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಹೋಯಿತು, 2023ರಲ್ಲಿ 70ಕ್ಕೆ. ಹಳೇ ಕೆಂಗಂದು ಕ್ಲಿಪ್‌ಗಳನ್ನು ಮಾತ್ರ ಭಾರ ಹೊರುವ ಜಾಗಕ್ಕೆ ಹಾಕಬೇಡಿ, ಪಟಕ್ಕನೆ ಬಿರುಕು ಬಿಡ್ತವೆ. ತೊಳೆಯುವುದು ಉಗುರುಬೆಚ್ಚಗಿನ ನೀರಲ್ಲಿ, ಒಣಗಿಸುವುದು ನೆರಳಲ್ಲಿ.

ಅಡಿಗೆ ಭಾರಕ್ಕೆಂದು ಕಬ್ಬಿಣದ ನಟ್ಟು ಬೋಲ್ಟು ತುಂಬಿಸುವವರಿದ್ದಾರೆ. ನಮ್ಮ ಕಡಲಗಾಳಿಗೆ ಅದು ಒಂದು ಮಳೆಗಾಲ ತಡೆಯುವುದಿಲ್ಲ. ಸ್ಟೀಲಿನದ್ದೇ ಹಾಕಿ. ಸ್ಟಿಕ್ಕರ್ ಬೇಡವೇ ಬೇಡ, ಜುಲೈಯಲ್ಲಿ ಅಂಚು ಏಳ್ತದೆ.

ಕುಂಜಿಬೆಟ್ಟಿನಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ಮೋಟರ್ ಹಾಕಿ ನಿಜವಾಗಿ ನಡೆಸಬಹುದಾ?

ಕದ್ರಿಯಿಂದ

ನಡೆಯಬೇಕಾದರೆ ಈಗ ಬಿಗಿದ ತ್ರಿಕೋನ ಬಿಚ್ಚಬೇಕು. ಆಗ ಚೆಂದದ ಕೋಟೆ ಹೋಗಿ ಬರೀ ಯಂತ್ರ ಉಳೀತದೆ. ಬಾಯಿ ಅಲುಗಿಸಲು ಕೈಯಲ್ಲಿ ತಿರುಗಿಸುವ ಒಂದು ಕ್ರ್ಯಾಂಕ್ ಸಾಕು. ನಡೆಯುವ ಹಾಗೆ ಕಾಣಬೇಕಾದರೆ ಒಂದು ಪಾದ ಎತ್ತಿ ನಿಲ್ಲಿಸಿ, ಉಳಿದ ಮೂರು ಪಾದದ ನಡುವೆಯೇ ಭಾರ ಬೀಳುವ ಹಾಗೆ ನೋಡಿಕೊಳ್ಳಿ. ಎತ್ತುವುದು ಹಿಂದಿನ ಪಾದವನ್ನು. ಮುಂದೆ ಮುಖದ ಭಾರ ಉಂಟಲ್ಲ, ಅಲ್ಲಿ ಎರಡೂ ಕಾಲು ಬೇಕು.