ಆರೈಕೆ ತಪ್ಪಿದ ರೀಫ್ ಟ್ಯಾಂಕ್: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾವು ಗಂಡ ಹೆಂಡತಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದೇವೆ. ಬಾಡಿಗೆಗೆ ಬಂದ ಮನೆಯಲ್ಲಿ ಹಿಂದಿನವರು 75 ಗ್ಯಾಲನ್‌ನ ಉಪ್ಪುನೀರಿನ ರೀಫ್ ಟ್ಯಾಂಕ್ (ಹವಳ, ಮೀನು ಸಾಕುವ ಗಾಜಿನ ತೊಟ್ಟಿ) ಬಿಟ್ಟು ಹೋಗಿದ್ದಾರೆ. ತಿಂಗಳುಗಟ್ಟಲೆ ಯಾರೂ ಕೈ ಹಾಕಿಲ್ಲ. ಕಲ್ಲಿನ ತುಂಬ ಕೂದಲಿನಂಥ ಪಾಚಿ, ಗಾಜಿನ ಅಂಚಿಗೆಲ್ಲ ಉಪ್ಪು ಕಟ್ಟಿದೆ. ಎರಡು ಕ್ಲೌನ್ ಮೀನು, ಒಂದಿಷ್ಟು ಮೆತ್ತನೆ ಹವಳ ಇನ್ನೂ ಬದುಕಿವೆ. ನಮಗೆ ಮೀನು ಸಾಕಿಯೇ ಗೊತ್ತಿಲ್ಲ. ಎಲ್ಲ ಖಾಲಿ ಮಾಡಿ, ಕಲ್ಲು ತೊಳೆದು ಹೊಸದಾಗಿ ಶುರು ಮಾಡೋಣ ಅಂತಿದ್ದೇವೆ. ಸರೀನಾ?

ಉತ್ತರ: ದಯವಿಟ್ಟು ಖಾಲಿ ಮಾಡಬೇಡಿ. ನಿಮಗೆ ಕೊಳಕಾಗಿ ಕಾಣುತ್ತಿರುವ ಆ ಕಲ್ಲುಗಳೇ ಮೀನುಗಳನ್ನು ಇಷ್ಟು ದಿನ ಬದುಕಿಸಿವೆ. ಅವುಗಳ ಸಣ್ಣ ಸಣ್ಣ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವುದು ಅವೇ. ನಲ್ಲಿ ನೀರಲ್ಲಿ ಕ್ಲೋರಿನ್ ಅಥವಾ ಕ್ಲೋರಮೈನ್ ಇರುತ್ತದೆ. ಅದರಲ್ಲಿ ತೊಳೆದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಅಮೋನಿಯಾ ಏರುತ್ತದೆ, ಹಿಂದೆಯೇ ಮೀನೂ ಹೋಗುತ್ತವೆ.

ಮೊದಲು ಉಪ್ಪಿನಂಶ ನೋಡಿ. ಇಂಥ ಟ್ಯಾಂಕುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಟ್ಟಿರುವುದು ಅದೇ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಉಪ್ಪಿನಂಶ ಅಳೆಯುವ ಒಂದು ರಿಫ್ರ್ಯಾಕ್ಟೋಮೀಟರ್ ತಗೊಳ್ಳಿ, ಅದರ ಜೊತೆಗೆ ಸರಿ ಹೊಂದಿಸುವ 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) ದ್ರಾವಣವನ್ನೂ ತಗೊಳ್ಳಿ. ಬರೀ ನೀರು ಹಾಕಿ ಸೊನ್ನೆಗೆ ಹೊಂದಿಸಿದರೆ ಸಮುದ್ರದ ನೀರಿನ ಮಟ್ಟದಲ್ಲಿ ಅಳತೆ ತಪ್ಪಬಹುದು. ಸಾಪೇಕ್ಷ ಸಾಂದ್ರತೆಯ (ಸಿಹಿನೀರಿಗೆ 1.000) ಅಳತೆಯಲ್ಲಿ ನಿಮಗೆ ಬೇಕಾಗಿರುವುದು 1.025 ಆಸುಪಾಸು. 1.030 ಇದ್ದರೆ ಗಾಬರಿ ಬೇಡ, ಆದರೆ ಒಂದೇ ದಿನದಲ್ಲಿ ಇಳಿಸಬೇಡಿ. ದಿನಕ್ಕೆ 0.001 ಇಳಿದರೆ ಸಾಕು. ಸ್ವಲ್ಪ ಟ್ಯಾಂಕ್ ನೀರು ತೆಗೆದು ಅಷ್ಟೇ ಆರ್‌ಓ ನೀರು ಹಾಕುತ್ತಾ ಬನ್ನಿ. ಆಮೇಲೂ ಅಷ್ಟೇ, ಆವಿಯಾದ ನೀರಿನ ಜಾಗಕ್ಕೆ ಉಪ್ಪಿಲ್ಲದ ನೀರನ್ನೇ ಹಾಕಬೇಕು. ಕೆಳಗೆ ಸಂಪ್ (ಟ್ಯಾಂಕಿನ ನೀರು ಹರಿದು ಬರುವ ಇನ್ನೊಂದು ಸಣ್ಣ ತೊಟ್ಟಿ) ಇದ್ದರೆ ಪಂಪ್ ಇರುವ ಕೋಣೆಯ ಗಾಜಿಗೆ ಒಂದು ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ. ಮಟ್ಟ ಇಳಿಯುವುದು ಅಲ್ಲೇ.

ಆಮೇಲೆ ನೀರು ಬದಲಾಯಿಸುವುದು. ವಾರಕ್ಕೆ ಶೇ. 10 ಸಾಕು. ನಿಮ್ಮ ಟ್ಯಾಂಕಿಗೆ ಅದು 28 ಲೀಟರ್ ಆಗುತ್ತದೆ, ಹತ್ತಿರ ಹತ್ತಿರ 1 ಕೆಜಿ ಉಪ್ಪು ಬೇಕು. ಅಡುಗೆ ಉಪ್ಪಲ್ಲ, ರೀಫ್ ಟ್ಯಾಂಕಿಗೆ ಅಂತಲೇ ಸಿಗುವ ಉಪ್ಪು. ಬೇರೆ ಬಕೆಟ್ಟಿನಲ್ಲಿ ಕಲಸಿ, ಒಂದು ಸಣ್ಣ ಪಂಪ್ ಹಾಕಿ ರಾತ್ರಿಯಿಡೀ ಓಡಲು ಬಿಡಿ. ಬೆಳಗ್ಗೆ ಉಪ್ಪು ಅಳೆದು, 25-26 ಡಿಗ್ರಿ ಸೆಲ್ಸಿಯಸ್‌ಗೆ ತಂದು ಹಾಕಿ. ಉಪ್ಪನ್ನು ನೇರವಾಗಿ ಟ್ಯಾಂಕಿಗೆ ಸುರಿದರೆ ಹವಳ ಸುಟ್ಟುಹೋಗುತ್ತದೆ.

ಪಾಚಿಯನ್ನು ಕೈಯಿಂದ ಕೀಳುವುದೇ ಒಳ್ಳೆಯದು. ನೀರು ಬದಲಾಯಿಸುವ ದಿನ, ಹೊರತೆಗೆದ ಟ್ಯಾಂಕ್ ನೀರಿನ ಬಕೆಟ್ಟಿಗೇ ಹವಳ ಇಲ್ಲದ ಒಂದು ಕಲ್ಲು ಇಳಿಸಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಎಳೆ ಎಳೆಯಾಗಿ ಬಿಟ್ಟುಬರುತ್ತದೆ, ಅಡಿಯಲ್ಲಿ ಅಲ್ಲಲ್ಲಿ ನೇರಳೆ ಬಣ್ಣದ ಗಟ್ಟಿ ಪದರ ಕಾಣುತ್ತದೆ. ಅದೂ ಪಾಚಿಯೇ, ಆದರೆ ಒಳ್ಳೆಯದು. ಅದನ್ನು ಕೆರೆಯಬೇಡಿ. ಸಲಕ್ಕೆ ಒಂದೋ ಎರಡೋ ಕಲ್ಲು ಸಾಕು. ಮರಳನ್ನಂತೂ ಒಂದೇ ಸಲ ಕಲಕಲೇಬೇಡಿ. ಆಳದಲ್ಲಿ ಕಪ್ಪು ಪದರ ಇದ್ದು ಕೊಳೆತ ಮೊಟ್ಟೆ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ವಿಷ.

ಅಮೋನಿಯಾ, ನೈಟ್ರೇಟ್, ಫಾಸ್ಫೇಟ್, ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಅಳೆದು ಬರೆದಿಡಿ. ಅಮೋನಿಯಾ ಸೊನ್ನೆ ಇರಲೇಬೇಕು. ಉಳಿದವನ್ನು ಆದರ್ಶ ಅಂಕಿಗೆ ತರಲು ಬಾಟಲಿ ಬಾಟಲಿ ಔಷಧಿ ಸುರಿಯಬೇಡಿ. ಹವಳಕ್ಕೆ ಬೇಕಾಗಿರುವುದು ಏರಿಳಿತ ಇಲ್ಲದ ನೀರು. ಮೀನಿಗೆ ಕಾಯಿಲೆ ಬಂತು ಅಂತ ತಾಮ್ರದ ಔಷಧಿಯನ್ನು ಈ ಟ್ಯಾಂಕಿಗೆ ಹಾಕಲೇಬಾರದು. ಸಿಗಡಿ, ಬಸವನಹುಳು, ಹವಳ ಎಲ್ಲವೂ ಸಾಯುತ್ತವೆ.

ಇನ್ನೊಬ್ಬರು, ಬೆಂಗಳೂರಿನಿಂದ: ಪಂಪ್, ವೇವ್‌ಮೇಕರ್ (ಟ್ಯಾಂಕಿನೊಳಗೆ ನೀರು ಹರಿಸುವ ಫ್ಯಾನ್) ಬಿಚ್ಚಿ ನೋಡಿ. ಒಳಗೆ ಸುಣ್ಣ ಕಟ್ಟಿರುತ್ತದೆ. ನೀರು ಬೆರೆಸಿದ ಬಿಳಿ ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಬುಸುಬುಸು ನೊರೆ ಬಂದು ಬಿಟ್ಟುಹೋಗುತ್ತದೆ. ಹರಿವು ಸರಿಯಾದರೆ ಪಾಚಿಯೂ ಕಡಿಮೆಯಾಗುತ್ತದೆ. ಕರೆಂಟ್ ಹೋದಾಗ ಮೀನು ಮೊದಲು ಸಾಯುವುದು ಆಮ್ಲಜನಕ ಇಲ್ಲದೆ. ನಾವು ಇಲ್ಲಿ ವೇವ್‌ಮೇಕರ್ ಒಂದನ್ನಾದರೂ ಯುಪಿಎಸ್‌ಗೆ ಹಾಕಿರುತ್ತೇವೆ. ನಿಮ್ಮಲ್ಲೂ 2021ರ ಫೆಬ್ರವರಿಯ ಹಿಮದಲ್ಲಿ ದಿನಗಟ್ಟಲೆ ಕರೆಂಟ್ ಇರಲಿಲ್ಲ ಅಲ್ವಾ? ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿರಲಿ.

ಇದನ್ನು ಓದುವ ನಮ್ಮ ಊರಿನವರಿಗೂ ಎರಡು ಮಾತು. ಮನೆಯ ಕುಡಿಯುವ ಆರ್‌ಓದಲ್ಲಿ ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಪ್ರಮಾಣ) ಕಂಟ್ರೋಲರ್ ಇದ್ದರೆ ಅದು ಶುದ್ಧ ನೀರಿಗೆ ಸ್ವಲ್ಪ ಶುದ್ಧ ಮಾಡದ ನೀರನ್ನು ಬೆರೆಸುತ್ತದೆ. ಟ್ಯಾಂಕಿಗೆ ಟಿಡಿಎಸ್ ಸೊನ್ನೆ ಇರುವ ನೀರೇ ಬೇಕು. ಎರಡನೆಯದು, ನೇತ್ರಾಣಿಯಿಂದಾಗಲಿ ಬೇರೆ ಕಡೆಯಿಂದಾಗಲಿ ನಮ್ಮ ಸಮುದ್ರದ ಹವಳ ಯಾರಾದರೂ ಮಾರಲು ಬಂದರೆ ತಗೊಳ್ಳಬೇಡಿ. 2001ರಿಂದ ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ.

ಮತ್ತೊಬ್ಬರು: ಕಲ್ಲಿನ ಮೇಲೆ ಕಂದು ಬಣ್ಣದ, ಗಾಜಿನಂತೆ ಪಾರದರ್ಶಕವಾದ ಸಣ್ಣ ಹೂವುಗಳಿವೆಯಾ ನೋಡಿ. ಬೆರಳು ಹತ್ತಿರ ತಂದರೆ ಸರಕ್ಕನೆ ಒಳಗೆ ಸೇರಿಕೊಳ್ಳುತ್ತವೆ. ಅದು ಐಪ್ಟೇಸಿಯಾ ಎಂಬ, ಕಳೆಯಂತೆ ಹರಡುವ ಜೀವಿ. ಹವಳವನ್ನು ಕುಟುಕುತ್ತದೆ. ಕತ್ತರಿಸಬೇಡಿ, ಉಳಿದ ಚೂರಿನಿಂದಲೇ ಮತ್ತೆ ಬೆಳೆಯುತ್ತದೆ. ಪೆಪ್ಪರ್‌ಮಿಂಟ್ ಸಿಗಡಿಯನ್ನು ಟ್ಯಾಂಕಿಗೆ ಬಿಟ್ಟರೆ ಎಷ್ಟೋ ಸಲ ಅದನ್ನು ತಿಂದು ಮುಗಿಸುತ್ತದೆ.

ಇದಕ್ಕಿಂತ ಮುಖ್ಯವಾದ ವಿಷಯ. ನಿಮ್ಮ ಮೆತ್ತನೆ ಹವಳಗಳು ಚಾಪೆಯಂತೆ ಹರಡಿದ ಗುಂಡಿಗಳ ಹಾಗಿದ್ದರೆ ಅವು ಜೊಯಾಂಥಿಡ್ ಇರಬಹುದು. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರುತ್ತದೆ. ಕೈಗವಸು, ಕಣ್ಣಿಗೆ ರಕ್ಷಣಾ ಕನ್ನಡಕ ಇಲ್ಲದೆ ಮುಟ್ಟಬೇಡಿ, ಉಜ್ಜಬೇಡಿ. ಸ್ವಚ್ಛ ಮಾಡಲು ಅಂತ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬೇಡಿ, ಬಿಸಿನೀರು ಹಾಕಬೇಡಿ. ಹಬೆಯಲ್ಲಿ ವಿಷ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಉದಾಹರಣೆಗಳಿವೆ. ಕೆಲಸ ಮಾಡುವಾಗ ಮಕ್ಕಳು, ನಾಯಿ, ಬೆಕ್ಕು ಆಚೆ ಇರಲಿ. ಬಾಯಲ್ಲಿ ಲೋಹದಂಥ ರುಚಿ, ಉಸಿರಾಟಕ್ಕೆ ಕಷ್ಟ, ಕಣ್ಣುರಿ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ, ಹವಳದ ಕಲ್ಲು ಮುಟ್ಟಿದ್ದನ್ನೂ ಪ್ಯಾಲಿಟಾಕ್ಸಿನ್ ಹೆಸರನ್ನೂ ವೈದ್ಯರಿಗೆ ಹೇಳಿ. ವಿಷ ತಗುಲಿದಾಗ ಸಲಹೆ ಕೊಡುವ ಅಮೆರಿಕದ ಪಾಯ್ಸನ್ ಕಂಟ್ರೋಲ್ ಸಹಾಯವಾಣಿ 1-800-222-1222. ಆ ನಂಬರನ್ನು ಟ್ಯಾಂಕಿನ ಕೆಳಗಿನ ಕಪಾಟಿನ ಬಾಗಿಲಿಗೇ ಬರೆದು ಅಂಟಿಸಿ.